166 ಅಂತ ಬರೆದಿತ್ತು, ಬಸ್ 83ರಲ್ಲಿ ಓಡುತ್ತಿತ್ತು

ಇಂಟೆಲ್ ಕಂಪನಿಯ, 150 ಅಂತ ಬರೆದ ಒಂದು ಪೆಂಟಿಯಂ ಪ್ರೊಸೆಸರು, 133 ಅಂತ ಬರೆದ ಇನ್ನೊಂದು ಪೆಂಟಿಯಂ. ಎರಡನ್ನೂ ಒಂದಾದ ಮೇಲೆ ಒಂದರಂತೆ ಅದೇ ಮದರ್‌ಬೋರ್ಡಿಗೆ ಕೂರಿಸಿ, ಅದೇ ರ‍್ಯಾಮ್, ಅದೇ ಹಾರ್ಡ್ ಡಿಸ್ಕ್ ಇಟ್ಟು ಕೆಲಸ ಕೊಟ್ಟು ನೋಡಿ. ಆ ಸಂಖ್ಯೆ ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ ಎಷ್ಟು ಮಿಲಿಯನ್ ಬಡಿತ ಅನ್ನುವ ವೇಗದ ಲೆಕ್ಕ. 17 ಮೆಗಾಹರ್ಟ್ಸ್ ಜಾಸ್ತಿ ಇರುವ ಚಿಪ್ಪು ಎದ್ದು ಕಾಣುವಷ್ಟು ಮುಂದೆ ಹೋಗುತ್ತದೆ ಅಂತ ಕಾಯುತ್ತೀರಿ. ಹೋಗುವುದಿಲ್ಲ. ಬಹಳಷ್ಟು ಕೆಲಸಗಳಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ. ಮೆಮೊರಿಯಿಂದ ಡೇಟಾ ಸಾಗಿಸುವ ಕೆಲಸವಾದರೆ 133 ಮುಂದೆ ಇರುವುದೂ ಉಂಟು.

ಕಾರಣ ಚಿಪ್ಪಿನ ಹೊರಗಿದೆ. 133 ಅಂದರೆ 66 (ಸರಿಯಾಗಿ ಹೇಳಿದರೆ 66.67) ಮೆಗಾಹರ್ಟ್ಸ್ ಬಸ್‌ನ ಎರಡು ಪಟ್ಟು. 150 ಅಂದರೆ 60 ಮೆಗಾಹರ್ಟ್ಸ್ ಬಸ್‌ನ ಎರಡೂವರೆ ಪಟ್ಟು. ಬಸ್ ಅಂದರೆ ಪ್ರೊಸೆಸರು ಮತ್ತು ಮೆಮೊರಿಯ ನಡುವಿನ ದಾರಿ. ಆ ಕಾಲದ ಪೆಂಟಿಯಂಗಳಲ್ಲಿ ಎರಡನೇ ಹಂತದ ಕ್ಯಾಶ್ (ಪದೇ ಪದೇ ಬೇಕಾಗುವ ಡೇಟಾ ಇಡುವ ಸಣ್ಣ, ವೇಗದ ಮೆಮೊರಿ) ಕೂಡ ಮದರ್‌ಬೋರ್ಡಿನ ಮೇಲೇ ಇರುತ್ತಿತ್ತು, ಅದೂ ಬಸ್‌ನ ವೇಗದಲ್ಲೇ ನಡೆಯುತ್ತಿತ್ತು. ಕಾರ್ಡುಗಳನ್ನು ಹಾಕುವ ಪಿಸಿಐ ಸ್ಲಾಟುಗಳಿಗೆ ಬಸ್‌ನ ಅರ್ಧ ವೇಗ. ಹಾಗಾಗಿ 150ರ ಮಷಿನ್ನಿನಲ್ಲಿ ಪ್ರೊಸೆಸರ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ನಿಧಾನ. ಪಿಸಿಐ 33ರ ಬದಲು 30ರಲ್ಲಿ ನಡೆಯುತ್ತದೆ. ಒಳಗೆ ಚಿಪ್ಪು ಬೇಗ ಲೆಕ್ಕ ಮುಗಿಸಿ, ಹೊರಗಿನಿಂದ ಡೇಟಾ ಬರಲಿ ಅಂತ ಕಾಯುತ್ತಾ ಕೂರುತ್ತದೆ.

ತೊಂಬತ್ತರ ದಶಕದಲ್ಲಿ ನಾನು ಮಡಿಕೇರಿಯ ಒಂದು ಕಂಪ್ಯೂಟರ್ ಜೋಡಿಸುವ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಬಿಡಿಭಾಗಗಳು ಬೆಂಗಳೂರಿನ ಎಸ್‌ಪಿ ರೋಡಿನಿಂದ ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಆಗ ಕಾಫಿ ಬೆಳೆಗಾರರಿಗೆ ಒಳ್ಳೆಯ ಕಾಲ. ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿಗೇ ಕೊಡಬೇಕು ಅನ್ನುವ ಪೂಲಿಂಗ್ ಪದ್ಧತಿ ಸಡಿಲವಾಗಿ, ಬೆಳೆದವರೇ ಮಾರುವ ಅವಕಾಶ ಬಂದಿತ್ತು. 1994ರಲ್ಲಿ ಬ್ರೆಜಿಲ್‌ನ ತೋಟಗಳು ಹಿಮಕ್ಕೆ ಸುಟ್ಟುಹೋಗಿ ಪ್ರಪಂಚದಲ್ಲೆಲ್ಲ ಕಾಫಿ ಬೆಲೆ ಏರಿತ್ತು. ಮಕ್ಕಳಿಗೊಂದು, ತೋಟದ ಲೆಕ್ಕಕ್ಕೊಂದು ಅಂತ ಕಂಪ್ಯೂಟರ್ ಕೊಳ್ಳುವವರು ಸಿದ್ದಾಪುರ, ಗೋಣಿಕೊಪ್ಪ, ಸೋಮವಾರಪೇಟೆ ಕಡೆಯಿಂದೆಲ್ಲ ಬರುತ್ತಿದ್ದರು. ಎಲ್ಲರದ್ದೂ ಒಂದೇ ಪ್ರಶ್ನೆ: "ಎಷ್ಟು ಮೆಗಾಹರ್ಟ್ಸ್?" ಬಸ್ ಎಷ್ಟು ಅಂತ ಕೇಳಿದವರು ನನಗೆ ನೆನಪಿಲ್ಲ. ಕೇಳಬೇಕು ಅಂತ ಅವರಿಗೆ ಹೇಳಿದವರೂ ಇರಲಿಲ್ಲ. ನನ್ನ ಮಟ್ಟಿಗೆ ಮಾತ್ರ ಹಳೆಯ ಕಂಪ್ಯೂಟರುಗಳ ಇಡೀ ಕತೆ ಇರುವುದೇ ಆ ಎರಡನೇ ಪ್ರಶ್ನೆಯಲ್ಲಿ. ಓವರ್‌ಕ್ಲಾಕಿಂಗ್ ಕತೆಯಂತೂ, ಅಂದರೆ ಬರೆದ ವೇಗಕ್ಕಿಂತ ಜಾಸ್ತಿ ಓಡಿಸುವ ಕತೆಯಂತೂ, ಪೂರ್ತಿ ಅಲ್ಲೇ ಇದೆ.

ಹಳೆಯ ಅಕ್ಕಿ ಮಿಲ್ಲುಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಮೂಲೆಯಲ್ಲಿ ಒಂದೇ ಎಂಜಿನ್. ಅದರಿಂದ ಉದ್ದಕ್ಕೆ ಒಂದು ಶಾಫ್ಟು. ಶಾಫ್ಟಿನಿಂದ ಬೆಲ್ಟುಗಳು ಇಳಿದು ಒಂದು ಭತ್ತದ ಮಷಿನ್ನಿಗೆ, ಒಂದು ಹಿಟ್ಟಿನ ಮಷಿನ್ನಿಗೆ. ಎಂಜಿನ್ನಿನ ವೇಗ ಏರಿಸಿದರೆ ಎಲ್ಲವೂ ಒಟ್ಟಿಗೇ ಏರುತ್ತವೆ. ಒಂದನ್ನು ಮಾತ್ರ ಬೇರೆ ವೇಗದಲ್ಲಿ ತಿರುಗಿಸಬೇಕಾದರೆ ಅದರ ಚಕ್ರದ ಅಳತೆ ಬದಲಿಸಬೇಕು. ಮದರ್‌ಬೋರ್ಡಿನಲ್ಲಿ ಎಂಜಿನ್ ಜಾಗದಲ್ಲಿ ಒಂದು ಸಣ್ಣ ಕ್ರಿಸ್ಟಲ್ ಇರುತ್ತದೆ, ಚಕ್ರಗಳ ಜಾಗದಲ್ಲಿ ಭಾಗಿಸುವ, ಗುಣಿಸುವ ಸರ್ಕ್ಯೂಟುಗಳು.

1981ರ ಐಬಿಎಂ ಪಿಸಿಯಲ್ಲಿ ಈ ಏರ್ಪಾಡು ಬಹಳ ಕಟ್ಟುನಿಟ್ಟಾಗಿತ್ತು. ಅದರ 8088 ಚಿಪ್ಪು 5 ಮೆಗಾಹರ್ಟ್ಸ್‌ವರೆಗೆ ಓಡಬಲ್ಲದು. ಆದರೆ ಐಬಿಎಂ ಅದನ್ನು ಓಡಿಸಿದ್ದು 4.77ರಲ್ಲಿ. ಈ ವಿಚಿತ್ರ ಸಂಖ್ಯೆ ಬಂದದ್ದು ಅಮೆರಿಕದ ಟಿವಿಯಿಂದ. ಬೋರ್ಡಿನ ಮೇಲಿದ್ದದ್ದು 14.31818 ಮೆಗಾಹರ್ಟ್ಸ್ ಕ್ರಿಸ್ಟಲ್. ಅದನ್ನು ನಾಲ್ಕರಿಂದ ಭಾಗಿಸಿದರೆ 3.58, ಅಲ್ಲಿನ ಟಿವಿಗೆ ಬಣ್ಣ ತೋರಿಸಲು ಬೇಕಾದ ಸಂಕೇತ. ಮೂರರಿಂದ ಭಾಗಿಸಿದರೆ 4.77, ಪ್ರೊಸೆಸರಿಗೆ. ಹನ್ನೆರಡರಿಂದ ಭಾಗಿಸಿದರೆ 1.19, ಟೈಮರಿಗೆ. ಆ ಟೈಮರೇ ದಿನದ ಗಡಿಯಾರವನ್ನು ನಡೆಸುತ್ತಿತ್ತು. ಸ್ಪೀಕರಿನ ಸದ್ದಿನ ಸ್ವರ ಅದರಿಂದಲೇ ಬರುತ್ತಿತ್ತು. ಸುಮಾರು 15 ಮೈಕ್ರೊಸೆಕೆಂಡಿಗೊಮ್ಮೆ ಮೆಮೊರಿಗೆ "ರಿಫ್ರೆಶ್ ಮಾಡು" ಅಂತ ಹೇಳುತ್ತಿದ್ದದ್ದೂ ಅದೇ. ಎಲ್ಲಕ್ಕೂ ಒಂದೇ ಕ್ರಿಸ್ಟಲ್! ಎಷ್ಟು ಜಾಣತನದಿಂದ ದುಡ್ಡು ಉಳಿಸಿದ್ದಾರೆ ನೋಡಿ. ಇದನ್ನು ಓದಿ ತಿಳಿದ ದಿನ ನನಗೆ ಆದ ಸಂತೋಷ ಇನ್ನೂ ಹಾಗೇ ಇದೆ.

ಆದರೆ ಇಂಥ ಮಷಿನ್ನಿನಲ್ಲಿ ವೇಗ ಏರಿಸುವುದು ಕಷ್ಟ. ಕ್ರಿಸ್ಟಲ್ ಬದಲಿಸಿದರೆ ಗಡಿಯಾರ ಮುಂದಕ್ಕೆ ಓಡುತ್ತದೆ, ಟಿವಿಯಲ್ಲಿ ಬಣ್ಣ ಹೋಗುತ್ತದೆ. ಹಾಗಾಗಿ ಜನ ಬೇರೆ ದಾರಿ ಹಿಡಿದರು. ಎನ್ಇಸಿ ಕಂಪನಿಯ ವಿ20 ಚಿಪ್ಪು 8088ರ ಜಾಗದಲ್ಲೇ ಕೂರುತ್ತಿತ್ತು. ಗಡಿಯಾರದ ವೇಗ ಅದೇ, ಆದರೆ ಒಳಗಿನ ಕೆಲಸ ಕಡಿಮೆ ಬಡಿತಗಳಲ್ಲಿ ಮುಗಿಯುತ್ತಿತ್ತು.

ದಾರಿ ತೆರೆದದ್ದು 1984ರ ಐಬಿಎಂ ಎಟಿ. ಅದರ 80286 ಓಡುತ್ತಿದ್ದದ್ದು 6 ಮೆಗಾಹರ್ಟ್ಸ್‌ನಲ್ಲಿ. ಅದಕ್ಕೆ 12 ಮೆಗಾಹರ್ಟ್ಸ್‌ನ ಬೇರೆಯದೇ ಕ್ರಿಸ್ಟಲ್. ಟೈಮರಿನ ಕ್ರಿಸ್ಟಲ್ ಇನ್ನೊಂದು. ಈಗ ಪ್ರೊಸೆಸರನ್ನು ಮುಟ್ಟಿದರೂ ಗಡಿಯಾರ ಕೆಡುವುದಿಲ್ಲ. ಸುದ್ದಿ ಹರಡಿತು: 12ರದ್ದು ಕಿತ್ತು 16ರದ್ದು ಹಾಕಿ, 8 ಮೆಗಾಹರ್ಟ್ಸ್ ಸಿಗುತ್ತದೆ. ಕೆಲವೇ ಡಾಲರಿನ ಕ್ರಿಸ್ಟಲಿನಿಂದ ಮೂರನೇ ಒಂದು ಭಾಗ ಜಾಸ್ತಿ ವೇಗ. ಐಬಿಎಂಗೆ ಇದು ಹಿಡಿಸಲಿಲ್ಲ. ಮಷಿನ್ನನ್ನು ಶುರು ಮಾಡುವ ಪ್ರೋಗ್ರಾಂ ಆದ ಮುಂದಿನ ಬಯಾಸ್‌ನಲ್ಲಿ ವೇಗ ಅಳೆದು ನೋಡುವ ಪರೀಕ್ಷೆ ಸೇರಿಸಿತು. ವೇಗ ಜಾಸ್ತಿ ಇದ್ದರೆ ಮಷಿನ್ನು ಶುರುವೇ ಆಗುತ್ತಿರಲಿಲ್ಲ. ಆಮೇಲೆ ತಾನೇ 8 ಮೆಗಾಹರ್ಟ್ಸ್‌ನ ಎಟಿ ಮಾರಿತು.

ಎಟಿಯಲ್ಲಿ ಒಂದು ತೊಡಕು ಉಳಿದಿತ್ತು. ಕಾರ್ಡುಗಳ ಸ್ಲಾಟುಗಳೂ ಪ್ರೊಸೆಸರಿನ ವೇಗದಲ್ಲೇ ನಡೆಯುತ್ತಿದ್ದವು. 10, 12 ಅಂತ ಏರಿಸುತ್ತಾ ಹೋದರೆ ಹಳೆಯ ಕಾರ್ಡುಗಳು ತಡವರಿಸುತ್ತಿದ್ದವು. ಕಾಂಪ್ಯಾಕ್ ಮತ್ತು ಇತರ ಕಂಪನಿಗಳು ಸ್ಲಾಟುಗಳನ್ನು 8 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ನಿಲ್ಲಿಸಿ, ಪ್ರೊಸೆಸರನ್ನು ಮಾತ್ರ ಮುಂದಕ್ಕೆ ಓಡಿಸುವ ಉಪಾಯ ಮಾಡಿದವು. ಐಸಾ ಅಂತ ಹೆಸರು ಬಂದ ಈ ಸ್ಲಾಟುಗಳು ಕೊನೆಯವರೆಗೂ ಸುಮಾರು ಆ ವೇಗದಲ್ಲೇ ಉಳಿದವು. ನನ್ನ ಪ್ರಕಾರ ಪಿಸಿ ಇಷ್ಟು ವರ್ಷ ಬಾಳಿದ್ದಕ್ಕೆ ಈ ಬೇರ್ಪಡಿಸುವಿಕೆ ದೊಡ್ಡ ಕಾರಣ. ಪ್ರೊಸೆಸರುಗಳ ಗುಣಗಾನ ಮಾಡುವವರು ಇದನ್ನು ನೆನೆಯುವುದೇ ಇಲ್ಲ.

ಇಂಟೆಲ್‌ನ 486 ಪ್ರೊಸೆಸರಿನ ಕಾಲಕ್ಕೆ ಇದೇ ಪಾಠ ಮತ್ತೆ ಬಂತು. 1992ರಲ್ಲಿ ಬಂದ ಡಿಎಕ್ಸ್2-66 ಒಳಗೆ 66, ಹೊರಗೆ 33. ಅದಕ್ಕೂ ಮೊದಲೇ ಬಂದಿದ್ದ ಡಿಎಕ್ಸ್-50 ಒಳಗೂ ಹೊರಗೂ 50. ಕಾಗದದ ಮೇಲೆ ಡಿಎಕ್ಸ್-50ರ ಬಸ್ ಚೆನ್ನ. ಆದರೆ ವೆಸಾ ಲೋಕಲ್ ಬಸ್ ಅನ್ನುವ ಹೊಸ ಉದ್ದನೆಯ ಸ್ಲಾಟು ಪ್ರೊಸೆಸರಿನ ಬಸ್‌ಗೇ ನೇರ ಅಂಟಿಕೊಂಡಿತ್ತು. 33ರಲ್ಲಿ ಅದು ನೆಮ್ಮದಿಯಾಗಿತ್ತು. 40ರಲ್ಲಿ ಕಾರ್ಡು ಒಳ್ಳೆಯದಿದ್ದರೆ ನಡೆಯುತ್ತಿತ್ತು. 50ರಲ್ಲಿ ಎಷ್ಟೋ ಕಾರ್ಡುಗಳು ಕೈಕೊಟ್ಟವು. ಕೊನೆಗೆ ಜನ ಒಪ್ಪಿಕೊಂಡದ್ದು ಡಿಎಕ್ಸ್2 ಚಿಪ್ಪನ್ನೇ.

ಈಗ ಶೀರ್ಷಿಕೆಯ ವಿಷಯಕ್ಕೆ ಬರುತ್ತೇನೆ.

ಸುಂಟಿಕೊಪ್ಪ ಕಡೆಯ ಒಂದು ತೋಟದಿಂದ ರೈಟರು, ಅಂದರೆ ತೋಟದ ಲೆಕ್ಕ ಬರೆಯುವವರು, ಮಷಿನ್ನು ಹೊತ್ತುಕೊಂಡು ಬಂದರು. ಕೊಂಡದ್ದು ಬೇರೆ ಊರಿನಲ್ಲಿ. ತೋಟದ ಚೆಕ್‌ರೋಲು ಫಾಕ್ಸ್‌ಪ್ರೋ ಅನ್ನುವ ಡೇಟಾಬೇಸ್ ಪ್ರೋಗ್ರಾಂನಲ್ಲಿತ್ತು. ಯಾರು ಎಷ್ಟು ದಿನ ಬಂದರು, ಎಷ್ಟು ಹಣ್ಣು ಕೊಯ್ದರು, ಮುಂಗಡ ಎಷ್ಟು, ಎಲ್ಲ ಅದರಲ್ಲಿ. "ಶನಿವಾರ ಬಟವಾಡೆ ಇದೆ, ಲೆಕ್ಕ ತೆರೀತಾನೇ ಇಲ್ಲ" ಅಂದರು. ಮುಖದಲ್ಲಿ ಗಾಬರಿ. ಲೆಕ್ಕ ತಪ್ಪಿದರೆ ತೋಟದ ಕೆಲಸಗಾರರಾದ ಲೈನ್‌ಮನೆಯವರು ಕೇಳುವುದು ಅವರನ್ನೇ, ಧಣಿಗಳು ಕೇಳುವುದೂ ಅವರನ್ನೇ.

ಸ್ಕ್ಯಾನ್‌ಡಿಸ್ಕ್ (ಡಿಸ್ಕಿನ ಫೈಲುಗಳನ್ನು ಪರೀಕ್ಷಿಸುವ ಪ್ರೋಗ್ರಾಂ) ಓಡಿಸಿದರೆ ತಪ್ಪುಗಳ ಸಾಲು. ಸರಿಪಡಿಸಿದರೆ ಸ್ವಲ್ಪ ಹೊತ್ತಿನಲ್ಲೇ ಹೊಸ ತಪ್ಪುಗಳು. ವೈರಸ್ ಇರಲಿಲ್ಲ. ರ‍್ಯಾಮ್ ಬದಲಿಸಿದೆ, ಕೇಬಲ್ ಬದಲಿಸಿದೆ. ಹಾರ್ಡ್ ಡಿಸ್ಕನ್ನು ಕಿತ್ತು ಅಂಗಡಿಯ ಇನ್ನೊಂದು ಮಷಿನ್ನಿಗೆ ಹಾಕಿ ನೋಡಿದರೆ ಡಿಸ್ಕು ಗಟ್ಟಿಯಾಗಿತ್ತು. ಕೊನೆಗೆ ಮ್ಯಾನ್ಯುಯಲ್ ಹಿಡಿದು ಬೋರ್ಡಿನ ವೇಗ ನಿಗದಿ ಮಾಡುವ ಸಣ್ಣ ಪಿನ್ ಮುಚ್ಚಳಗಳಾದ ಜಂಪರುಗಳನ್ನು ಒಂದೊಂದಾಗಿ ಓದಿದೆ. ಪ್ರೊಸೆಸರು ಪೆಂಟಿಯಂ ಎಂಎಂಎಕ್ಸ್ 166. ಅದು 66ರ ಎರಡೂವರೆ ಪಟ್ಟಿನಲ್ಲಿ ಇರಬೇಕು. ಇಲ್ಲಿ ಇದ್ದದ್ದು 83ರ ಎರಡು ಪಟ್ಟು.

ಗುಣಿಸಿ ನೋಡಿ, ಎರಡೂ 166ಕ್ಕೇ ಬರುತ್ತವೆ! ಮಷಿನ್ನು ಶುರುವಾಗುವಾಗ ಪರದೆಯ ಮೇಲೆ ಬರುವುದೂ 166 ಅಂತಲೇ. ಪ್ರೊಸೆಸರಿಗೆ ಒಂದು ಚೂರೂ ಜಾಸ್ತಿ ಕೆಲಸವಿಲ್ಲ, ಬಿಸಿಯೂ ಅಷ್ಟೇ. ಆದರೆ ಮೆಮೊರಿ ಮತ್ತು ಕ್ಯಾಶ್ ನಾಲ್ಕನೇ ಒಂದು ಭಾಗ ಜಾಸ್ತಿ ವೇಗದಲ್ಲಿ ಓಡುತ್ತಿದ್ದವು. ಪಿಸಿಐ 33ರ ಬದಲು 41ರಲ್ಲಿತ್ತು. ಹಾರ್ಡ್ ಡಿಸ್ಕಿನ ಜೊತೆ ಮಾತಾಡುವ ಸರ್ಕ್ಯೂಟು ತನ್ನ ತಾಳವನ್ನು ಪಿಸಿಐ ಗಡಿಯಾರದಿಂದಲೇ ತೆಗೆದುಕೊಳ್ಳುತ್ತದೆ. ಡಿಸ್ಕು ಸಿದ್ಧವಾಗುವ ಮೊದಲೇ ಡೇಟಾ ಎಳೆದುಕೊಂಡರೆ, ಬಂದದ್ದರಲ್ಲಿ ಅಲ್ಲೊಂದು ಇಲ್ಲೊಂದು ಬಿಟ್ ತಪ್ಪಾಗಿರುತ್ತದೆ. ಅಲ್ಟ್ರಾ ಡಿಎಂಎ ಅನ್ನುವ, ಡಿಸ್ಕಿನ ಡೇಟಾ ಸಾಗಿಸುವ ಹೊಸ ವಿಧಾನ ಬಂದ ಮೇಲೆ ಕೇಬಲಿನಲ್ಲಿ ಹೋದದ್ದು ಸರಿಯಾಗಿ ತಲುಪಿತೇ ಅಂತ ಪರೀಕ್ಷಿಸುವ ಏರ್ಪಾಡು ಬಂತು. ಈ ಡಿಸ್ಕು ಅದಕ್ಕಿಂತ ಹಳೆಯದು. ಹಳೆಯ ವಿಧಾನಗಳಲ್ಲಿ ಅಂಥ ಪರೀಕ್ಷೆ ಇರಲಿಲ್ಲ. ತಪ್ಪು ಬಂದರೂ ಮಷಿನ್ನು ನಿಲ್ಲುತ್ತಿರಲಿಲ್ಲ, ಸುಮ್ನೆ ಬರೆದುಕೊಂಡು ಹೋಗುತ್ತಿತ್ತು.

ಜಂಪರುಗಳನ್ನು 66ಕ್ಕೆ ತಂದೆ. ಪರದೆಯ ಮೇಲೆ ಮತ್ತೆ ಅದೇ 166. ತಪ್ಪುಗಳು ನಿಂತವು. ರೈಟರ ಹತ್ತಿರ ಫ್ಲಾಪಿಯಲ್ಲಿ ಹಳೆಯ ಪ್ರತಿ ಇತ್ತು, ಕೈಬರಹದ ಚೆಕ್‌ರೋಲ್ ಪುಸ್ತಕವೂ ಇತ್ತು. ನಡುವೆ ಹೋದದ್ದನ್ನೆಲ್ಲ ಅವರು ಓದುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಬಟವಾಡೆ ನಿಲ್ಲಲಿಲ್ಲ.

ಆ 83ನ್ನು ಯಾರು, ಯಾಕೆ ಇಟ್ಟರು ಅಂತ ಗೊತ್ತಾಗಲಿಲ್ಲ. ವೇಗದ ಮೇಲಿನ ಪ್ರೀತಿಗೆ ಇಟ್ಟಿರಬಹುದು, ಆ ಪ್ರೀತಿ ನನಗೂ ಇದೆ. ಆದರೆ ಕೂಲಿ ಲೆಕ್ಕದ ಮಷಿನ್ನಿನಲ್ಲಿ, ಅದನ್ನು ಬಳಸುವವರಿಗೆ ಹೇಳದೆ ಹಾಗೆ ಮಾಡಬಾರದು. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಓವರ್‌ಕ್ಲಾಕ್ ಮಾಡಿದ ಮಷಿನ್ನು ನಿಂತುಹೋದರೆ ದೊಡ್ಡ ವಿಷಯವಲ್ಲ. ನಿಲ್ಲದೆ ತಪ್ಪು ಬರೆಯುತ್ತಾ ಹೋದರೆ ಅದು ಇನ್ನೊಬ್ಬರ ಊಟದ ವಿಷಯ.

ಇಷ್ಟು ಹೇಳಿದ ಮೇಲೆ ಇಂಟೆಲ್‌ನ ಅಗ್ಗದ ಪ್ರೊಸೆಸರಾದ ಸೆಲೆರಾನ್ 300ಎ ಬಗ್ಗೆ ಹೇಳಲೇಬೇಕು. ನಾನು ಮನಸಾರೆ ಮೆಚ್ಚಿದ ಓವರ್‌ಕ್ಲಾಕ್ ಅದು.

ಅಷ್ಟರಲ್ಲಿ ಇಂಟೆಲ್ ತನ್ನ ಚಿಪ್ಪುಗಳ ಮಲ್ಟಿಪ್ಲೈಯರಿಗೆ, ಅಂದರೆ ಬಸ್‌ನ ಎಷ್ಟು ಪಟ್ಟು ಅನ್ನುವ ಸಂಖ್ಯೆಗೆ, ಬೀಗ ಹಾಕಿತ್ತು. ಅಗ್ಗದ ಚಿಪ್ಪಿನ ಮೇಲಿನ ಬರಹ ಉಜ್ಜಿ ತೆಗೆದು, ದೊಡ್ಡ ಸಂಖ್ಯೆ ಅಚ್ಚು ಹಾಕಿ ಮಾರುವ ರೀಮಾರ್ಕ್ ದಂಧೆ ಜೋರಾಗಿದ್ದದ್ದು ಅದಕ್ಕೆ ಒಂದು ಕಾರಣ. ಬೀಗ ಬಿದ್ದ ಮೇಲೆ ಓವರ್‌ಕ್ಲಾಕ್ ಮಾಡುವವರಿಗೆ ಉಳಿದ ದಾರಿ ಒಂದೇ, ಬಸ್. 1998ರ ಆಗಸ್ಟಿನಲ್ಲಿ ಬಂದ 300ಎ ಓಡುತ್ತಿದ್ದದ್ದು 66ರ ನಾಲ್ಕೂವರೆ ಪಟ್ಟಿನಲ್ಲಿ. ಅದರ ಹಿಂದಿನ ಸೆಲೆರಾನ್‌ಗಳಿಗೆ ಎರಡನೇ ಹಂತದ ಕ್ಯಾಶೇ ಇರಲಿಲ್ಲ, ಜನ ಬೈದಿದ್ದರು. ಇದಕ್ಕೆ ಇಂಟೆಲ್ 128 ಕೆಬಿ ಕ್ಯಾಶನ್ನು ಚಿಪ್ಪಿನ ಒಳಗೇ ಇಟ್ಟಿತು, ಅದು ಪ್ರೊಸೆಸರಿನ ಪೂರ್ತಿ ವೇಗದಲ್ಲಿ ನಡೆಯುತ್ತಿತ್ತು. ದುಬಾರಿ ಪೆಂಟಿಯಂ 2ರಲ್ಲಿ 512 ಕೆಬಿ ಇದ್ದರೂ ಅದು ಬೇರೆ ಚಿಪ್ಪುಗಳಲ್ಲಿ, ಅರ್ಧ ವೇಗದಲ್ಲಿ.

ಅದೇ ವರ್ಷ ಬಂದಿದ್ದ 440ಬಿಎಕ್ಸ್ ಬೋರ್ಡುಗಳಲ್ಲಿ 100 ಮೆಗಾಹರ್ಟ್ಸ್ ಬಸ್ ಇತ್ತು. ನೂರರ ನಾಲ್ಕೂವರೆ ಪಟ್ಟು 450. ಅದೇ ಆಗಸ್ಟಿನಲ್ಲಿ ಇಂಟೆಲ್ ಹಲವು ಪಟ್ಟು ಬೆಲೆಗೆ ಮಾರಲು ತಂದ ಪೆಂಟಿಯಂ 2ರ ವೇಗವೂ 450! ಎರಡರ ಒಳಗಿನ ತಿರುಳು ಹೆಚ್ಚುಕಮ್ಮಿ ಒಂದೇ, ಎರಡೂ 0.25 ಮೈಕ್ರಾನ್ ತಂತ್ರದಲ್ಲಿ ಮಾಡಿದವು. ಚಿಪ್ಪಿನ ಮೇಲೆ ಬರೆದ ಸಂಖ್ಯೆ ಅಂದರೆ ಕಾರ್ಖಾನೆ ಇಷ್ಟಕ್ಕೆ ತಾನು ಜವಾಬ್ದಾರಿ ಅಂತ ಕೊಟ್ಟ ಮಾತು. ಚಿಪ್ಪಿನ ನಿಜವಾದ ಮಿತಿ ಅದಕ್ಕಿಂತ ಎಷ್ಟೋ ಮೇಲಿರಬಹುದು. 300ಎ ವಿಷಯದಲ್ಲಿ ಬಹಳಷ್ಟು ಚಿಪ್ಪುಗಳಿಗೆ ಅದು ನಿಜವಾಗಿತ್ತು.

ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು 450 ಅಲ್ಲ. ಬಸ್ 100ಕ್ಕೆ ಹೋದಾಗ ಆ ಬೋರ್ಡು ಪಿಸಿಐಗೆ ಮೂರರಿಂದ ಭಾಗಿಸಿ ಕೊಡುತ್ತಿತ್ತು, ಅಂದರೆ ಮತ್ತೆ 33. ಗ್ರಾಫಿಕ್ಸ್ ಕಾರ್ಡಿನ ಎಜಿಪಿ ಸ್ಲಾಟಿಗೆ ಮೂರನೇ ಎರಡು ಭಾಗ, ಅಂದರೆ ಮತ್ತೆ 66. 100 ಮೆಗಾಹರ್ಟ್ಸ್‌ಗೆ ಮಾಡಿದ ಪಿಸಿ100 ರ‍್ಯಾಮ್ ಹಾಕಿದರೆ ಅದಕ್ಕೂ ತನ್ನದೇ ವೇಗ. ಇಡೀ ಮಷಿನ್ನಿನಲ್ಲಿ ಮಿತಿ ದಾಟಿದ್ದು ಪ್ರೊಸೆಸರ್ ಒಂದೇ. ಹಾರ್ಡ್ ಡಿಸ್ಕಿಗೆ, ಸೌಂಡ್ ಕಾರ್ಡಿಗೆ, ಮೋಡೆಮಿಗೆ ಏನೂ ಗೊತ್ತೇ ಆಗುತ್ತಿರಲಿಲ್ಲ. ಅಂಗಡಿಗೆ ಬಂದ ಮೊದಲ 300ಎ ಏನೂ ತಕರಾರಿಲ್ಲದೆ 450ರಲ್ಲಿ ವಿಂಡೋಸ್ 98ಕ್ಕೆ ಬಂದು ನಿಂತಾಗ ನಾವೆಲ್ಲ ಕೆಲಸ ಬಿಟ್ಟು ಅದರ ಮುಂದೆ ಸೇರಿದ್ದೆವು.

ಬಯಾಸ್‌ನಲ್ಲೇ ಬಸ್ ಬದಲಿಸುವ ಸೌಲಭ್ಯ ಅಬಿಟ್ ಕಂಪನಿಯ ಬಿಎಚ್6ನಂಥ ಬೋರ್ಡುಗಳಲ್ಲಿತ್ತು. ಆ ಸೌಲಭ್ಯ ಇಲ್ಲದ ಕೆಲವು ಬೋರ್ಡುಗಳಿಗೆ ಇನ್ನೊಂದು ಉಪಾಯವಿತ್ತು. ಸೆಲೆರಾನ್ ಕಾರ್ಡಿನ ಅಂಚಿನಲ್ಲಿ ಬಿ21 ಅನ್ನುವ ಒಂದು ಸಣ್ಣ ಚಿನ್ನದ ಪಟ್ಟಿ ಇದೆ. ನನಗೆ 66 ಬೇಕು ಅಂತ ಬೋರ್ಡಿಗೆ ಹೇಳುವುದು ಅದು. ಅದರ ಮೇಲೆ ತೆಳ್ಳಗಿನ ಟೇಪ್ ಅಂಟಿಸಿದರೆ ಬೋರ್ಡು 100 ಕೊಡುತ್ತದೆ. 2000ದ ಹೊತ್ತಿಗೆ ಎಎಂಡಿಯ ಡ್ಯುರಾನ್ ಮತ್ತು ಅಥ್ಲಾನ್ ಚಿಪ್ಪುಗಳ ಮೇಲಿನ ಕಡಿದ ಗೆರೆಗಳನ್ನು ಪೆನ್ಸಿಲ್ ಸೀಸದಿಂದ ಸೇರಿಸಿ ಮಲ್ಟಿಪ್ಲೈಯರ್ ಬಿಡಿಸಿಕೊಳ್ಳುತ್ತಿದ್ದರು. ಅದೂ ಒಳ್ಳೆಯದೇ. ಆದರೂ 300ಎ ಕೊಟ್ಟ ಖುಷಿ ನನಗೆ ಅದರಲ್ಲಿ ಸಿಗಲಿಲ್ಲ.

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಬೆಂಗಳೂರಿನ ಗೆಳೆಯರು ನಮ್ಮ ಚಳಿಯನ್ನು ನೋಡಿ, ನಿಮಗೆ ಓವರ್‌ಕ್ಲಾಕ್ ಸುಲಭ ಅಲ್ವಾ, ಅನ್ನುತ್ತಿದ್ದರು. ಅರ್ಧ ಸರಿ. ಚಿಪ್ಪಿನ ಬಿಸಿ ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ಅದರ ವರ್ಗದಷ್ಟು ಏರುತ್ತದೆ. 300ಎ ಚಿಪ್ಪಿನ ವೋಲ್ಟೇಜ್ 2.0. ಹಟಮಾರಿ ಚಿಪ್ಪನ್ನು 450ಕ್ಕೆ ಏರಿಸಲು ಅದನ್ನು 2.2ಕ್ಕೆ ಒಯ್ದರೆ, ವೇಗ ಒಂದೂವರೆ ಪಟ್ಟು, ಬಿಸಿ ಸುಮಾರು 1.8 ಪಟ್ಟು. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯ ತಿಂಗಳಿನಲ್ಲಿ, ಮನೆಯೊಳಗಿನ ಗಾಳಿಯೇ ತಣ್ಣಗಿರುವಾಗ ಚಿಪ್ಪಿನ ಬಿಸಿ ಹೊರಹಾಕುವ ಹೀಟ್‌ಸಿಂಕಿಗೆ ಕೆಲಸ ಹಗುರ. ಮಾರ್ಚಿಯಲ್ಲಿ ತಡವರಿಸಿದ ಚಿಪ್ಪು ಜುಲೈಯಲ್ಲಿ ಸಲೀಸಾಗಿ ಓಡಿದ್ದನ್ನು ಕಂಡಿದ್ದೇನೆ.

ಇನ್ನರ್ಧ ನಮಗೆ ವಿರುದ್ಧ. ಅದೇ ಮಳೆಯಲ್ಲಿ ಮರ ಬಿದ್ದು ಲೈನು ಹರಿಯುತ್ತದೆ, ಕರೆಂಟು ದಿನಗಟ್ಟಲೆ ಇರುವುದಿಲ್ಲ. ಬಂದಾಗ ವೋಲ್ಟೇಜು ಒಂದೇ ಸಮ ಇರುವುದಿಲ್ಲ. ಮಿತಿಯ ಅಂಚಿನಲ್ಲಿ ಓಡುತ್ತಿರುವ ಮಷಿನ್ನಿಗೆ ಪವರ್ ಸಪ್ಲೈಯ ಸಣ್ಣ ಏರಿಳಿತವೂ ಸಾಕು. ಗುಡುಗು ಮಿಂಚಿಗೆ ಮೋಡೆಮುಗಳು ಸುಟ್ಟುಹೋಗುತ್ತಿದ್ದವು. ಎಲ್ಲಕ್ಕಿಂತ ಜಾಸ್ತಿ ತೊಂದರೆ ಕೊಟ್ಟದ್ದು ತೇವ. ಬಟ್ಟೆ ಒಣಗದ ಆ ತಿಂಗಳುಗಳಲ್ಲಿ ಸ್ಲಾಟುಗಳ ಲೋಹಕ್ಕೂ ಮಂಕು ಹಿಡಿಯುತ್ತದೆ. ಬಸ್‌ನ ವೇಗ ಕಡಿಮೆ ಇದ್ದಾಗ ಕೊಳೆಯಾದ ಸಂಪರ್ಕದಲ್ಲೂ ಕೆಲಸ ನಡೆಯಬಹುದು. ವೇಗ ಏರಿಸಿದ ಕೂಡಲೇ ಅಲ್ಲೇ ಎಡವುತ್ತದೆ. ಎಷ್ಟೋ ಸಲ ಈ ಚಿಪ್ಪು ಮೇಲೆ ಹೋಗುವುದಿಲ್ಲ ಅಂತ ಬಂದ ಮಷಿನ್ನುಗಳಲ್ಲಿ ಚಿಪ್ಪು ಚೆನ್ನಾಗಿಯೇ ಇರುತ್ತಿತ್ತು. ರ‍್ಯಾಮಿನ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಹಾಕಿದರೆ ಸಾಕಾಗುತ್ತಿತ್ತು.

ಈಗಿನ ಮಷಿನ್ನುಗಳಲ್ಲಿ ಬಸ್ ಏರಿಸುವ ಆಟ ಹೆಚ್ಚು ಉಳಿದಿಲ್ಲ. 2011ರ ಸ್ಯಾಂಡಿ ಬ್ರಿಜ್ ಕಾಲಕ್ಕೆ ಇಂಟೆಲ್ ಮತ್ತೆ ಒಂದೇ ಮೂಲ ಗಡಿಯಾರಕ್ಕೆ ಬಹಳಷ್ಟನ್ನು ಕಟ್ಟಿಹಾಕಿತು. ಆ 100 ಮೆಗಾಹರ್ಟ್ಸನ್ನು ನೂರಕ್ಕೆ ಕೆಲವೇ ಪಾಲು ಏರಿಸಿದರೂ ಬೇರೆಲ್ಲೋ ತೊಂದರೆ ಶುರು. ಬೀಗವಿಲ್ಲದ ಚಿಪ್ಪನ್ನು ಜಾಸ್ತಿ ದುಡ್ಡು ಕೊಟ್ಟು ಕೊಂಡು ಮಲ್ಟಿಪ್ಲೈಯರ್ ಏರಿಸುವುದೇ ದಾರಿ. ಯಾವ ಭಾಗ ಯಾವ ವೇಗದಲ್ಲಿದೆ ಅಂತ ಕಾಗದದ ಮೇಲೆ ಬರೆದು, ಭಾಗಿಸಿ, ಗುಣಿಸಿ ನೋಡುವ ಸುಖ ಅದರಲ್ಲಿಲ್ಲ. ಆ ಸುಖಕ್ಕಾಗಿಯೇ ನಾನು ಹಳೆಯ ಬೋರ್ಡುಗಳನ್ನು ಹುಡುಕಿ ತರುವುದು.

ಈಗ ಮೇಜಿನ ಮೇಲಿರುವುದು ಒಂದು 486 ಬೋರ್ಡು, ಅದರಲ್ಲಿ ಎಎಂಡಿಯ 5ಎಕ್ಸ್86. ಅದರ ಲೆಕ್ಕದ ವೇಗ 33ರ ನಾಲ್ಕು ಪಟ್ಟು, 133. ಬಸ್ಸನ್ನು 40ಕ್ಕೆ ಇಟ್ಟರೆ 160. ವೆಸಾ ಲೋಕಲ್ ಬಸ್ಸೂ 40ಕ್ಕೆ ಹೋಗುತ್ತದೆ, ಅದಕ್ಕೆ ಬೋರ್ಡಿನಲ್ಲೇ ಒಂದು ವೇಟ್ ಸ್ಟೇಟ್ (ಒಂದು ಬಡಿತದಷ್ಟು ಕಾಯುವಿಕೆ) ಸೇರಿಸುವ ಜಂಪರ್ ಇದೆ. ಈ ಬೋರ್ಡನ್ನು ಕೊಟ್ಟವರ ಮನೆಯ ಅಟ್ಟದಲ್ಲಿ ಇನ್ನೂ ಒಂದು 386 ಇತ್ತು. ಅದರ ಗಡಿಯಾರದ ಬ್ಯಾಟರಿ ಸೋರಿ, ಹಸಿರು ಕಿಲುಬು ಕೀಬೋರ್ಡಿನ ಸಾಕೆಟ್ಟಿನಿಂದ ಮೊದಲ ಸ್ಲಾಟಿನವರೆಗೆ ತಾಮ್ರದ ಗೆರೆಗಳನ್ನೆಲ್ಲ ತಿಂದುಹಾಕಿತ್ತು. ಅದನ್ನು ಉಳಿಸಲು ಆಗಲಿಲ್ಲ.

ನಿಮ್ಮ ಅಟ್ಟದಲ್ಲೋ, ತೋಟದ ಆಫೀಸಿನ ಮೂಲೆಯಲ್ಲೋ 286, 386, 486 ಇದ್ದರೆ ಓಡಿಸಿ ನೋಡುವ ಮೊದಲು ಮುಚ್ಚಳ ತೆಗೆಯಿರಿ. ಕೀಬೋರ್ಡ್ ಸಾಕೆಟ್ಟಿನ ಹತ್ತಿರ ಪೀಪಾಯಿ ಆಕಾರದ, ಬೆರಳಿನ ಗಾತ್ರದ ಬ್ಯಾಟರಿ ಕಂಡರೆ ಅದನ್ನು ಇವತ್ತೇ ಕತ್ತರಿಸಿ ತೆಗೆಯಿರಿ. ಸೋರಿದ್ದರೆ ಆ ಜಾಗವನ್ನು ಹತ್ತಿಯಲ್ಲಿ ಸ್ವಲ್ಪ ವಿನೆಗರ್ ತೆಗೆದುಕೊಂಡು ಒರೆಸಿ, ಶುದ್ಧ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಮಳೆ ಶುರುವಾಗುವ ಮೊದಲು ಇಷ್ಟು ಮಾಡಿಬಿಡಿ, ಆಮೇಲೆ ಒಣಗಿಸುವುದು ಬಹಳ ಕಷ್ಟ.